ನಾಲ್ಕನೇ ಮಹಡಿಯ ನದಿ

ಬೆಳಗಿನ ಚಹಾ ಲೋಟಕ್ಕೆ ಬೀಳುವ ಹೊತ್ತಿಗೆ ಮಾವನವರು ಯಾವುದಾದರೊಂದು ಮಹಡಿಗೆ ಹೋಗಿ ಬಂದಿರುತ್ತಿದ್ದರು. ಹೋಗುತ್ತಿದ್ದದ್ದು ಕನಸಿನಲ್ಲಿ. ಸೂಜಿಯಿಂದ ಸೋಫಾದವರೆಗೆ ಎಲ್ಲವನ್ನೂ ಮಾರುವ ಹನ್ನೆರಡು ಮಹಡಿಯ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ಓಡಿಸಿದ ಮನುಷ್ಯ ಅವರು. ಅವರು ಕೆಲಸ ಬಿಟ್ಟು ಆರು ವರ್ಷವಾಗಿದ್ದರೂ ಲಿಫ್ಟು ಮಾತ್ರ ಅವರನ್ನು ಬಿಟ್ಟಿರಲಿಲ್ಲ.

"ಇವತ್ತು ಒಂಬತ್ತನೇದು," ಎಂದರು ಆ ದಿನ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ. "ಬಾಗಿಲು ತೆಗೆದ್ರೆ ಬರೀ ಕುರ್ಚಿಗಳು. ಒಂದರಲ್ಲೂ ಜನ ಇಲ್ಲ. ಆದ್ರೆ ಎಲ್ಲಾ ಕುರ್ಚೀನೂ ಬೆಚ್ಚಗಿವೆ."

"ಮುಟ್ಟಿ ನೋಡಿದ್ರಾ ಮಾವ?" ಎಂದಳು ಸೊಸೆ.

"ನಾನು ಹೊರಗೆ ಕಾಲಿಡೋ ಹಾಗಿಲ್ವಲ್ಲಮ್ಮ. ಆಪರೇಟರು ಲಿಫ್ಟ್ ಬಿಟ್ಟು ಹೋಗಬಾರದು ಅಂತ ರೂಲ್ಸು. ನೋಡಿದ್ರೇ ಗೊತ್ತಾಗುತ್ತೆ, ಬೆಚ್ಚಗಿವೆ ಅಂತ."

"ಕನಸಲ್ಲೂ ಡ್ಯೂಟಿ," ಎಂದರು ಅತ್ತೆ, ಒಲೆಯ ಕಡೆಯಿಂದ ತಿರುಗಿಯೂ ನೋಡದೆ. "ಸಂಬಳ ಕೊಡೋರು ಮಾತ್ರ ಯಾರೂ ಇಲ್ಲ."

ಮಾವನವರ ಐದನೇ ಮಹಡಿಯಲ್ಲಿ ಯಾವಾಗಲೂ ಸಂಜೆ ನಾಲ್ಕು ಗಂಟೆ. ಏಳನೇದರಲ್ಲಿ ಜನ ಮರೆತು ಹೋದ ಕೊಡೆಗಳೆಲ್ಲ ಚಾವಣಿಗೆ ಜೋತುಬಿದ್ದು ನಿದ್ದೆ ಮಾಡುತ್ತಿದ್ದವು. ನಾಲ್ಕನೇದರಲ್ಲಿ ನದಿ. ಬೇರೆ ಮಹಡಿಗಳು ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ನದಿ ಮಾತ್ರ ವಾರಕ್ಕೆ ಎರಡು ಸಲವಾದರೂ ಬರುತ್ತಿತ್ತು. ಹರಿಯುವ ಸದ್ದು ಕೂಡ ಕೇಳುತ್ತದೆ ಎನ್ನುತ್ತಿದ್ದರು.

ಈ ಮಹಡಿಗಳನ್ನೆಲ್ಲ ಸೇರಿಸಿ ಒಂದು ವಿಡಿಯೊ ಗೇಮ್ ಮಾಡಬೇಕೆಂದು ಹೊರಟವಳು ಅವರ ಮಗಳು. ಮೂವತ್ತು ದಾಟಿದರೂ ಮನೆಯಲ್ಲಿ ಅವಳು ಗುಬ್ಬಿಯೇ. ಅರ್ಧ ದಿನ ಆಸ್ಪತ್ರೆಯೊಂದರ ಚೀಟಿ ಕೊಡುವ ಕಂಪ್ಯೂಟರಿನ ಕೆಲಸ, ಮಿಕ್ಕರ್ಧ ದಿನ ಈ ಆಟ. ಆಡುವವರು ಲಿಫ್ಟಿನ ಹಿಡಿಯನ್ನು ಮೇಲಕ್ಕೆ ಒತ್ತಿ ಹಿಡಿದರೆ ಲಿಫ್ಟು ಏರುತ್ತದೆ, ಕೆಳಕ್ಕೆ ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಲಿಫ್ಟಿನ ನೆಲವೂ ಮಹಡಿಯ ನೆಲವೂ ಒಂದು ಕೂದಲೆಳೆಯೂ ಹೆಚ್ಚುಕಮ್ಮಿಯಾಗದೆ ಸಮವಾದರೆ ಬಾಗಿಲು ತೆರೆದು ಕನಸು ಕಾಣುತ್ತದೆ. ಅದೇ ಹೊತ್ತಿಗೆ ಬೇರೆ ಮಹಡಿಗಳಿಂದ ಗಂಟೆ ಹೊಡೆಯುತ್ತಿರುತ್ತದೆ. ಹೊಡೆದಾಟವಿಲ್ಲ, ಅಂಕವಿಲ್ಲ.

ಚಿತ್ರಗಳು ಸೊಸೆಯವು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬಾಗಿತ್ತು. ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚು ಹಾಕುವ ಯಂತ್ರ ಬಂದ ಮೇಲೆ ಅವಳ ಕುಂಚವನ್ನು ಕೇಳುವವರಿರಲಿಲ್ಲ. ಒಂದು ಸಂಜೆ ಗುಬ್ಬಿ ಬಂದು, "ಅತ್ತಿಗೆ, ನನಗೆ ಹನ್ನೆರಡು ಮಹಡಿ ಬರೆದು ಕೊಡ್ತೀರಾ?" ಎಂದಾಗ ಅವಳು ಎದ್ದು ಹೋಗಿ, ಮಂಚದ ಕೆಳಗಿನಿಂದ ಬಣ್ಣದ ಡಬ್ಬಗಳನ್ನು ಎಳೆದಿದ್ದಳು. ಹಳೆಯ ಬೋರ್ಡುಗಳ ಬೆನ್ನಿಗೆ ಬಿಳಿ ಬಳಿದು ಬರೆದಳು. ಏಳು ಅಡಿ ಅಗಲದ ಒಂದೊಂದು ಬೋರ್ಡಿಗೂ ಎರಡು ತಿಂಗಳು. ಒಣಗಿದ ಬೋರ್ಡುಗಳು ಓಣಿಯಂಥ ನಡುಮನೆಯಲ್ಲಿ ಗೋಡೆಗೊರಗಿ ನಿಂತವು. ಮನೆಮಂದಿಯೆಲ್ಲ ಎರಡು ವರ್ಷ ಏಡಿಗಳ ಹಾಗೆ ಅಡ್ಡಡ್ಡ ನಡೆದರು. ಅವುಗಳ ಫೋಟೊ ತೆಗೆದು ಗುಬ್ಬಿ ಆಟದೊಳಗೆ ಸೇರಿಸುತ್ತಿದ್ದಳು.

ಅತ್ತಿಗೆ ನಾದಿನಿಯರಿಗೆ ಅಷ್ಟೊಂದು ಹೊಂದಿಕೆಯಾದದ್ದು ಕಂಡು ಅತ್ತೆಗೇ ಸ್ವಲ್ಪ ಅನುಮಾನ. "ಎಲ್ಲೋ ಬಿರುಕು ಬಿಡುತ್ತೆ ನೋಡ್ತಿರಿ," ಎನ್ನುತ್ತಿದ್ದರು. ಬಿರುಕು ಬಿಟ್ಟಿತು.

ಆಟಗಳನ್ನು ಮಾರುಕಟ್ಟೆಗೆ ತರುವ ಕಂಪನಿಯ ಹೆಂಗಸೊಬ್ಬಳು ಗುಬ್ಬಿಯ ಜೊತೆ ಮಾತಾಡಿದಳು. ಆಟ ಹಿಡಿಸಿತು ಎಂದಳು. ಆದರೆ ಇಬ್ಬರೇ ಕೂತು ಎಲ್ಲ ಯಂತ್ರಕ್ಕೂ ಮಾಡುತ್ತೇವೆಂದು ಹೊರಟರೆ ಯಾವುದಕ್ಕೂ ಮುಗಿಯುವುದಿಲ್ಲ. ಫೋನು, ಕಂಪ್ಯೂಟರು, ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ, ಈ ಮೂರು ಪ್ಲಾಟ್‌ಫಾರ್ಮುಗಳಲ್ಲಿ ಒಂದನ್ನು ತಿಂಗಳ ಕೊನೆಯೊಳಗೆ ಹೇಳಬೇಕು. ತನ್ನನ್ನು ಕೇಳಿದರೆ ಫೋನು ಎಂದಳಂತೆ.

ಆ ರಾತ್ರಿಯ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ಗುಬ್ಬಿ ಫೋನನ್ನು ಅಡ್ಡ ಹಿಡಿದು ಮೇಜಿನ ಆಚೆಯಿಂದ ಚಾಚಿದಳು. ಒಂಬತ್ತನೇ ಮಹಡಿ. ಸೊಸೆ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ನೂರು ಕುರ್ಚಿಗಳು ಚೆಲ್ಲಿದ ಸಾಸಿವೆಯ ಹಾಗೆ ಕಂಡವು.

"ನಾನು ಏಳು ಅಡಿ ಬರೆದಿದ್ದೀನಿ, ನೀನು ಏಳು ಬೆರಳು ತೋರಿಸ್ತಿದ್ದೀಯ," ಎಂದಳು.

"ಜನ ಇರೋದು ಇಲ್ಲೇ ಅತ್ತಿಗೆ. ಬಸ್ಸಲ್ಲಿ, ಸಾಲಲ್ಲಿ, ಹಾಸಿಗೇಲಿ ಎಲ್ಲರ ಕೈಲೂ ಇದೇ ಇರೋದು."

"ಹಾಗಿದ್ರೆ ನೂರು ಕುರ್ಚಿ ಯಾಕೆ ಬರೆಸಿದೆ? ನೂರು ಚುಕ್ಕಿ ಇಟ್ಟಿದ್ರೆ ಸಾಕಿತ್ತು."

"ನಾನು ಬರೆಸಿದ್ನಾ? ನಾನು ಹತ್ತು ಅಂದಿದ್ದೆ. ನೂರು ಮಾಡಿದ್ದು ನೀವು."

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸೊಸೆ ಎದ್ದಳು, ಆದರೆ ಒದೆ ಬಿದ್ದದ್ದು ಪಾತ್ರೆಗಳಿಗೆ. ತೊಳೆಯುವ ಸದ್ದು ಬೀದಿಯ ಕೊನೆಯವರೆಗೆ ಕೇಳಿಸಿತು.

"ಕಂಪ್ಯೂಟರಿಗೆ ಮಾಡಿಬಿಡಿ," ಎಂದ ಸೊಸೆಯ ಗಂಡ. ಬೇಕರಿಯಲ್ಲಿ ಬೆಳಗಿನ ಪಾಳಿಯ ಒಲೆ ನೋಡಿಕೊಳ್ಳುವ ಅವನಿಗೆ ಸರಿಯಾದ ಸಮಯಕ್ಕೆ ಬ್ರೆಡ್ಡು ಹೊರತೆಗೆಯುವುದು ಗೊತ್ತು, ಮಾತು ಗೊತ್ತಿಲ್ಲ. "ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಇಬ್ಬರಿಗೂ ಆಯ್ತು."

"ನೀವು ಸುಮ್ಮನಿರಿ," ಎಂದಳು ಹೆಂಡತಿ. "ನೀನು ಸುಮ್ಮನಿರಣ್ಣ," ಎಂದಳು ತಂಗಿ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆ ಮನೆಯಲ್ಲಿ ಮೂರನೆಯವನಿಗೆ ಸಿಕ್ಕಿದ್ದು ಎರಡು ಕಡೆಯ ಬೈಗುಳ. ಅವನು ತನ್ನ ಪಾಲಿನ ಆಲೂಗಡ್ಡೆಯನ್ನು ಮುಗಿಸಿ ಮಲಗಲು ಹೋದ.

ಮಾರನೆಯ ದಿನದಿಂದ ಅವರಿಬ್ಬರೂ ಮಾತು ಬಿಟ್ಟರು. "ಮಾವ, ಉಪ್ಪಿನ ಡಬ್ಬ ಮೇಲಿನ ಗೂಡಲ್ಲಿದೆ ಅಂತ ಹೇಳಿ," ಎಂದು ಇವಳು. "ಅಪ್ಪಾ, ಸಿಕ್ತು ಅಂತ ಹೇಳು," ಎಂದು ಅವಳು. ಇಬ್ಬರೂ ಮಾವನವರಿಂದ ಒಂದೊಂದು ಮೊಳ ದೂರದಲ್ಲೇ ಇರುತ್ತಿದ್ದರು. ಅವರು ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ಮಾತುಗಳನ್ನು ಹತ್ತಿಸಿಕೊಂಡು, ಇಳಿಸಿ, ಮುಂದಿನದಕ್ಕೆ ಕಾಯುತ್ತಿದ್ದರು. ಹೊರಗೆ ನಗುತ್ತ ಓಡಾಡಿದರೂ ಸೊಸೆಗೆ ಒಳಗೆ ಉರಿಯುತ್ತಿತ್ತು. ಅಂಗಡಿಗಳ ಬೋರ್ಡು ಹೋದವು, ಜನ ಒಮ್ಮೆಯೂ ತಲೆಯೆತ್ತಿ ಇದನ್ನು ಬರೆದವರು ಯಾರು ಎಂದು ಕೇಳಲಿಲ್ಲ. ಇವನ್ನಾದರೂ ಯಾರಾದರೂ ಪೂರ್ತಿ ನೋಡಲಿ ಎಂಬುದು ಅವಳ ಆಸೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಎರಡನೇ ವಾರ ಗಂಡ ಬೇಕರಿಯ ಸಂಗಾತಿಯೊಬ್ಬನಿಂದ ಆಟದ ಪೆಟ್ಟಿಗೆಯನ್ನು ಒಂದು ಭಾನುವಾರದ ಮಟ್ಟಿಗೆ ಕೇಳಿ ತಂದ. ಹಿಟ್ಟಿನ ಚೀಲದಲ್ಲಿ ಸುತ್ತಿ ತಂದಿದ್ದ. ಬಿಚ್ಚಿದರೆ ಪೆಟ್ಟಿಗೆಗೆಲ್ಲ ಪೌಡರು ಬಳಿದಂತಾಗಿತ್ತು. ಗುಬ್ಬಿ ಮುಖ ಗಂಟಿಕ್ಕಿಕೊಂಡೇ ತಂತಿಗಳನ್ನು ಸಿಕ್ಕಿಸಿ, ತನ್ನ ಕಂಪ್ಯೂಟರಿನಿಂದ ಆಟವನ್ನು ಅದಕ್ಕೆ ದಾಟಿಸಿದಳು. ಅತ್ತೆಯ ಧಾರಾವಾಹಿ ಶುರುವಾಗುವುದರೊಳಗೆ ಟೀವಿ ಬಿಟ್ಟುಕೊಡಬೇಕೆಂಬ ಕರಾರಾಯಿತು. ಸೊಸೆ ಟೀವಿಯ ಗಾಜನ್ನು ಎರಡು ಸಲ ಒರೆಸಿದಳು.

ಮಾವನವರು ಕುರ್ಚಿಯಲ್ಲಿ ಕೂತು ಎರಡು ಕೈಯಲ್ಲೂ ಕಂಟ್ರೋಲರು ಹಿಡಿದರು. ಲಿಫ್ಟು ಏರಿತು, ಒಂಬತ್ತರಲ್ಲಿ ಸಮನಾಗಿ ನಿಂತಿತು, ಬಾಗಿಲು ತೆರೆಯಿತು. ನೂರು ಕುರ್ಚಿಗಳೂ ಟೀವಿಯ ಅಗಲಕ್ಕೂ ಹರಡಿಕೊಂಡವು. ಒಂದರ ಕಾಲಿಗೆ ಕಟ್ಟಿದ್ದ ಹಳದಿ ದಾರದ ಗಂಟು ಕೂಡ ಕಾಣುತ್ತಿತ್ತು. ಸೊಸೆ ಟೀವಿಯ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಮಾವನವರು ನಾಲ್ಕಕ್ಕೆ ಇಳಿದರು. ನದಿ ಗಾಜಿನ ಆ ಅಂಚಿನಿಂದ ಈ ಅಂಚಿನವರೆಗೆ ಹರಿಯಿತು, ಹುಟ್ಟುವ ಬೆಟ್ಟ, ತಿರುಗುವ ತಿರುವು, ಸೇರುವ ಸರೋವರ ಸಮೇತ. ಅವರು ಸ್ವಲ್ಪ ಹೊತ್ತು ನೋಡಿದರು. "ಚೆನ್ನಾಗಿದೆಯಮ್ಮ," ಎಂದು ಕಂಟ್ರೋಲರನ್ನು ಮಗನ ಕೈಗಿಟ್ಟು, ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದರು.

ಸೊಸೆ ಹಿಂದೆಯೇ ಹೋದಳು. ಮಾವನವರು ಟವೆಲ್ಲುಗಳನ್ನು ಅಂಚಿಗಂಚು ಕೂಡಿಸಿ ಮಡಚುತ್ತಿದ್ದರು.

"ಏನು ಕಮ್ಮಿಯಾಗಿದೆ ಮಾವ?"

"ಕಮ್ಮಿ ಏನಿಲ್ಲ. ಸ್ವಲ್ಪ ಜಾಸ್ತಿ ಆಗಿದೆ." ಅವರು ಇನ್ನೊಂದು ಟವೆಲ್ಲು ತೆಗೆದುಕೊಂಡರು. "ಲಿಫ್ಟಿಂದ ಇಡೀ ಮಹಡಿ ಕಂಡದ್ದುಂಟೇನಮ್ಮ? ಬಾಗಿಲು ಎಷ್ಟು ಅಗಲವೋ ಅಷ್ಟೇ ಕಾಣೋದು. ಎರಡೂವರೆ ಅಡಿ. ಮಿಕ್ಕಿದ್ದನ್ನ ಮೂವತ್ತೊಂದು ವರ್ಷ ನಾನೇ ಕಟ್ಟಿಕೊಂಡೆ. ನೀನು ನದಿ ಹುಟ್ಟೋ ಜಾಗಾನೂ ತೋರಿಸಿಬಿಟ್ಟಿದ್ದೀಯ. ಅದು ಗೊತ್ತಾದ ಮೇಲೆ ನಾನು ಮತ್ತೆ ಅಲ್ಲಿಗೆ ಯಾಕೆ ಹೋಗ್ಲಿ?"

ಸೊಸೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಬೀಳುವ ಸದ್ದಿನಲ್ಲಿ ಅತ್ತಳು. ಆ ವಾರ ಅವಳು ಕುಂಚ ಮುಟ್ಟಲಿಲ್ಲ.

ಮೂರನೇ ವಾರದ ಒಂದು ಮಧ್ಯಾಹ್ನ ಅತ್ತೆ ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಬಾಗಿಲಾಚೆ ನಡುಮನೆಯಲ್ಲಿ ನಾಲ್ಕನೇ ಮಹಡಿಯ ಬೋರ್ಡು ಎದುರಿಗೇ ಒರಗಿತ್ತು. ಕಿಟಕಿಯ ಬಿಸಿಲು ಬಿದ್ದು ನದಿ ಅಲ್ಲಾಡುವಂತೆ ಕಾಣುತ್ತಿತ್ತು.

"ನದಿಯಂತೆ ನದಿ," ಎಂದರು ಅತ್ತೆ. "ನಾಲ್ಕನೇ ಮಹಡೀಲಿ ಹರೀತಿದ್ದದ್ದು ನನ್ನ ಬೆವರು."

ಸೊಸೆ ಕೈ ನಿಲ್ಲಿಸಿದಳು. ಅತ್ತೆ ಅದೇ ಅಂಗಡಿಯಲ್ಲಿ ಹೊಲಿಗೆಯ ಕೆಲಸದಲ್ಲಿದ್ದರೆಂಬುದು ಅವಳಿಗೆ ಗೊತ್ತಿತ್ತು. ಯಾವ ಮಹಡಿಯೆಂದು ಕೇಳಿರಲಿಲ್ಲ.

"ನೀವು ನಾಲ್ಕರಲ್ಲಾ ಇದ್ದದ್ದು?"

"ಇಪ್ಪತ್ತೆರಡು ವರ್ಷ. ಗಿರಾಕಿಗಳು ಕೊಂಡ ಬಟ್ಟೆ ಉದ್ದ ಆದ್ರೆ ಮಡಚಿ ಹೊಲಿಯೋದು, ಬಿಗಿಯಾದ್ರೆ ಬಿಚ್ಚೋದು. ಹದಿನೆಂಟು ಮೆಷೀನು. ಲಿಫ್ಟಿಂದ ನೋಡಿದ್ರೆ ಎಡಕ್ಕೆ ದೊಡ್ಡ ಕಂಬ, ಅದರ ಆಚೆ ನನ್ನ ಜಾಗ. ಅಲ್ಲಿಂದ ನನಗೂ ಲಿಫ್ಟ್ ಕಾಣ್ತಿರಲಿಲ್ಲ, ಅವರಿಗೂ ನಾನು ಕಾಣ್ತಿರಲಿಲ್ಲ. ದನಿ ಮಾತ್ರ ಕೇಳೋದು. 'ನಾಲ್ಕನೇ ಮಹಡಿ' ಅಂತ ದಿನಕ್ಕೆ ನೂರು ಸಲ."

"ಲಿಫ್ಟಲ್ಲಿ ಹೋಗ್ತಾ ಬರ್ತಾ ನೋಡ್ತಿದ್ರಲ್ಲ?"

ಅತ್ತೆ ನಕ್ಕರು. "ಲಿಫ್ಟು ಗಿರಾಕಿಗಳಿಗೆ ಕಣೇ. ಕೆಲಸದೋರಿಗೆ ಹಿಂದಿನ ಮೆಟ್ಟಿಲು. ಎಂಬತ್ತೆಂಟು ಮೆಟ್ಟಿಲು. ಗಂಡ ಲಿಫ್ಟ್ ಓಡಿಸ್ತಿದ್ದ, ಹೆಂಡ್ತಿ ಬಸುರಿಯಾದಾಗ್ಲೂ ಮೆಟ್ಟಿಲು ಹತ್ತುತಿದ್ಲು. ಇವರು ಒಂದು ದಿನಾನೂ 'ಬಾ, ಹತ್ಕೋ' ಅನ್ನಲಿಲ್ಲ. ಅಂದಿದ್ರೆ ಕೆಲಸ ಹೋಗ್ತಿತ್ತು, ನಿಜ. ಆದ್ರೂ ಅನ್ನಬಹುದಿತ್ತು." ಅವರು ಬಟಾಣಿಯ ಸಿಪ್ಪೆಯನ್ನು ಮಡಿಲಿನಿಂದ ಕೊಡವಿದರು. "ಹದಿನೆಂಟು ಮೆಷೀನು ಒಟ್ಟಿಗೆ ಓಡಿದ್ರೆ ಹೇಗೆ ಸದ್ದು ಬರುತ್ತೆ ಗೊತ್ತಾ? ಸೊರ್ರ್ ಅಂತ. ನೀರು ಹರಿದ ಹಾಗೆ."

ಸೊಸೆ ಬೋರ್ಡಿನ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು. ಆ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಸಂಜೆಯವರೆಗೂ ಕಿವಿಯಲ್ಲಿ ಅದೇ ಸದ್ದು ಇಟ್ಟುಕೊಂಡು ಓಡಾಡಿದಳು.

ಅಪ್ಪ ಹಿತ್ತಲಿನಲ್ಲಿ ಹೇಳಿದ ಮಾತು ಗುಬ್ಬಿಯ ಕಿವಿಗೂ ಬಿದ್ದಿತ್ತು. ಆ ಮನೆಯಲ್ಲಿ ಗೋಡೆಗಳು ತೆಳು. ನಾಲ್ಕು ದಿನ ಬಿಟ್ಟು ಅವಳು ಫೋನನ್ನು ಅಪ್ಪನ ಕೈಗೆ ಕೊಟ್ಟಳು, ಈ ಸಲ ನೆಟ್ಟಗೆ. ಅಡ್ಡಗಲದ ಚಿತ್ರದ ನಡುವಿನಿಂದ ಬಾಗಿಲಿನಷ್ಟು ಸೀಳು ಮಾತ್ರ ಉಳಿಸಿಕೊಂಡಿದ್ದಳು. ಒಲೆಯ ಬಳಿಯಿಂದ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದ ಸೊಸೆ ತನ್ನ ನದಿಯನ್ನು ಎರಡೂ ಕಡೆ ಕತ್ತರಿಸಿದ್ದು ಕಂಡು ಸೌಟನ್ನು ಪಾತ್ರೆಯ ಅಂಚಿಗೆ ಟಣ್ಣೆಂದು ಕುಟ್ಟಿದಳು.

ಮಾವನವರು ಮಾತ್ರ ಎದ್ದು ನಿಂತರು. ಹೋಗಿ ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತುಕೊಂಡರು. ಹೆಬ್ಬೆಟ್ಟಿನಿಂದ ಹಿಡಿ ಒತ್ತಿದರು. "ಮೂರನೇ ಮಹಡಿ," ಎಂದರು, ಅಲ್ಲಿಲ್ಲದ ಜನಕ್ಕೆ. "ನಾಲ್ಕನೇ ಮಹಡಿ." ಸಮನಾಗಿ ನಿಂತಿತು. ಕಿರಿದಾದ ಬಾಗಿಲಿನಲ್ಲಿ ಒಂದು ಪಟ್ಟಿ ನೀರು ಹೊಳೆಯಿತು. ಆಗ ಮಾವನವರು ಕುತ್ತಿಗೆಯನ್ನು ಎಡಕ್ಕೆ ಬಾಗಿಸಿದರು. ಇನ್ನೂ ಸ್ವಲ್ಪ ಬಾಗಿದರು. ಫೋನಿನ ಅಂಚಿನ ಆಚೆ ಏನಿದೆಯೆಂದು ಇಣುಕುವಂತೆ ಕೈಯೂ ಭುಜವೂ ಓರೆಯಾದವು.

"ಕುತ್ತಿಗೆ ಉಳುಕೀತು," ಎಂದರು ಅತ್ತೆ.

ಸೊಸೆ ಸೌಟನ್ನು ಕೆಳಗಿಟ್ಟಳು. ಅವಳು ಬರೆದ ಯಾವ ಬೋರ್ಡಿಗೂ ಯಾರೂ ಹೀಗೆ ಕುತ್ತಿಗೆ ಬಾಗಿಸಿರಲಿಲ್ಲ.

"ಗುಬ್ಬಿ," ಎಂದಳು. ಹತ್ತೊಂಬತ್ತು ದಿನದ ಮೇಲೆ ಮೊದಲ ಮಾತು. "ಫೋನನ್ನ ಓರೆ ಮಾಡಿದ್ರೆ ಅದಕ್ಕೆ ಗೊತ್ತಾಗುತ್ತಾ?"

ಗುಬ್ಬಿ ಅತ್ತಿಗೆಯ ಮುಖ ನೋಡಿದಳು. "ಗೊತ್ತಾಗುತ್ತೆ ಅತ್ತಿಗೆ."

"ಟೀವಿಗೆ?"

"ಟೀವಿ ಓರೆ ಮಾಡೋಕೆ ಅಣ್ಣನ್ನ ಕರೀಬೇಕು."

"ಮಾವ ಎಡಕ್ಕೆ ಬಾಗಿದಾಗ ಎಡಗಡೆಯ ಚಿತ್ರ ಸ್ವಲ್ಪ ಕಾಣೋ ಹಾಗೆ ಮಾಡಕ್ಕಾಗುತ್ತಾ? ಒಂದೇ ಸಲ ಪೂರ್ತಿ ಬೇಡ. ಬಾಗಿದಷ್ಟು."

ಗುಬ್ಬಿ ಆ ರಾತ್ರಿ ಊಟವನ್ನೂ ಮಾಡಲಿಲ್ಲ. ಕಂಪ್ಯೂಟರಿನ ಮುಂದೆ ಕೂತವಳು ಎರಡು ದಿನ ಆಸ್ಪತ್ರೆಗೆ ರಜೆ ಹಾಕಿದಳು. ಮೂರನೇ ದಿನ ಫೋನನ್ನು ಅತ್ತಿಗೆಯ ಒದ್ದೆ ಕೈಗೆ ತುರುಕಿದಳು. ಸೊಸೆ ಅದನ್ನು ಓರೆ ಮಾಡಿದಳು. ಅವಳ ಕುರ್ಚಿಗಳು ಬಾಗಿಲ ಅಂಚಿನಿಂದ ಒಂದೊಂದಾಗಿ, ದೊಡ್ಡದೊಡ್ಡದಾಗಿ ಇಣುಕಿ ಬಂದವು. ಹಳದಿ ದಾರವೂ ಬಂತು.

"ಆದ್ರೆ ಅತ್ತಿಗೆ, ಎಷ್ಟೇ ಬಾಗಿಸಿದ್ರೂ ಎರಡೂ ತುದೀಲಿ ಒಂದೊಂದು ಗೇಣು ಕಾಣಲ್ಲ. ಅಷ್ಟು ಓರೆ ಹಿಡಿದ್ರೆ ಫೋನೇ ಕಾಣಲ್ಲ."

ತುದಿಯ ಒಂದು ಗೇಣಿನಲ್ಲಿ ನದಿಯ ಬೆಟ್ಟವಿತ್ತು, ಸರೋವರವಿತ್ತು, ಐದನೇ ಮಹಡಿಯ ಸಂಜೆ ನಾಲ್ಕು ಗಂಟೆಯ ಸೂರ್ಯನಿದ್ದ. ಸೊಸೆಗೆ ಸಂಕಟವಾಯಿತು. ಇಲ್ಲವೆಂದರೆ ಸುಳ್ಳು.

"ಹೋಗ್ಲಿ ಬಿಡು," ಎಂದಳು ಕೊನೆಗೆ. "ನೆಟ್ಟಗೆ ಹಿಡಿಯೋ ಫೋನೇ ಅಂತ ಆ ಹೆಂಗಸಿಗೆ ಹೇಳು. ಆದ್ರೆ ನಾಲ್ಕನೇದನ್ನ ನಾನು ಮತ್ತೆ ಬರೀತೀನಿ. ಮುಗಿಯೋವರೆಗೆ ನೀನೂ ನೋಡಬಾರದು."

ನಾಲ್ಕನೇ ಮಹಡಿಯ ಬೋರ್ಡು ಗೋಡೆಗೆ ಮುಖ ಮಾಡಿ ಐದು ವಾರ ನಿಂತಿತು. ಸೊಸೆ ಮಧ್ಯಾಹ್ನಗಳಲ್ಲಿ ಮಾತ್ರ ಅದನ್ನು ತಿರುಗಿಸಿ ಬರೆಯುತ್ತಿದ್ದಳು. ಮಧ್ಯೆ ಮಧ್ಯೆ ಅಡುಗೆಮನೆಗೆ ಬಂದು ಅತ್ತೆಯನ್ನು ಏನೇನೋ ಕೇಳುತ್ತಿದ್ದಳು: ಆಗ ಜಡೆ ಹಾಕ್ತಿದ್ರಾ, ಗಂಟು ಕಟ್ತಿದ್ರಾ? ದೀಪ ಯಾವ ಕಡೆಗಿತ್ತು? "ಪೊಲೀಸರೂ ಇಷ್ಟು ಕೇಳಲ್ಲ," ಎಂದು ಗೊಣಗಿದರೂ ಅತ್ತೆ ಎಲ್ಲಕ್ಕೂ ಉತ್ತರ ಹೇಳಿದರು. ಹೊಸ ಚಿತ್ರದ ಫೋಟೊವನ್ನು ಆಟಕ್ಕೆ ಸೇರಿಸಿದ ದಿನ ಗುಬ್ಬಿ ಅತ್ತಿಗೆಯ ಭುಜಕ್ಕೆ ತಲೆಯಾನಿಸಿ ಕೂತಿದ್ದಳು.

ಆಟ ಮಾರುಕಟ್ಟೆಗೆ ಹೋಗಲು ನಾಲ್ಕು ದಿನ ಇತ್ತು. ಭಾನುವಾರದ ಚಹಾದ ಹೊತ್ತು. ಗಂಡ ಬೇಕರಿಯಿಂದ ತಂದ ಬನ್ನುಗಳು ಇನ್ನೂ ಬಿಸಿಯಾಗಿದ್ದವು. ಮಾವನವರು ತಮ್ಮ ಮೂಲೆಯಲ್ಲಿ ನಿಂತು ಫೋನು ಹಿಡಿದರು. ಏಳಕ್ಕೆ ಹೋಗಿ ಮಲಗಿದ್ದ ಕೊಡೆಗಳನ್ನು ನೋಡಿ ಬಂದರು. ಆಮೇಲೆ, "ನಾಲ್ಕನೇ ಮಹಡಿ," ಎಂದರು.

ಬಾಗಿಲು ತೆರೆಯಿತು. ಸೊರ್ರ್ ಎಂಬ ಸದ್ದು. ನೀಲಿಯ ಒಂದು ಪಟ್ಟಿ ಮೆಲ್ಲಗೆ ಹರಿಯುತ್ತಿತ್ತು. ಅದಕ್ಕೆ ಬೆಟ್ಟವಿರಲಿಲ್ಲ, ಸರೋವರವಿರಲಿಲ್ಲ. ಮಾವನವರು ಎಡಕ್ಕೆ ಬಾಗಿದರು. ಒಂದು ಕಂಬ ಬಂತು. ಇನ್ನೂ ಬಾಗಿದರು. ಕಂಬದ ಆಚೆ ಒಂದು ದೀಪ, ದೀಪದ ಕೆಳಗೆ ಒಂದು ಹೊಲಿಗೆಯ ಯಂತ್ರ, ಯಂತ್ರದ ಮೇಲೆ ಬಗ್ಗಿದ, ಉದ್ದ ಜಡೆಯ ಒಬ್ಬ ಎಳೆಯ ಹೆಂಗಸು. ಅವಳ ಸೂಜಿಯ ಕೆಳಗಿನಿಂದ ನೀಲಿ ಬಟ್ಟೆ ಹೊರಬಂದು, ಮೇಜಿನಿಂದಿಳಿದು, ನೆಲದ ಮೇಲೆ ನದಿಯಾಗಿ ಹರಿದು ಹೋಗುತ್ತಿತ್ತು.

ಮಾವನವರು ಬಾಗಿದ ಹಾಗೆಯೇ ನಿಂತುಬಿಟ್ಟರು.

"ಇವಳೇ," ಎಂದು ಹೆಂಡತಿಯನ್ನು ಕರೆದರು. "ಇಲ್ಲಿ ಬಾ ಸ್ವಲ್ಪ."

ಅತ್ತೆ ಕೈಯಲ್ಲಿದ್ದ ಚಹಾ ಲೋಟದ ಸಮೇತ ಬಂದರು. ಗಂಡನ ಭುಜದ ಪಕ್ಕದಿಂದ ನೋಡಲು ಅವರೂ ಎಡಕ್ಕೆ ಬಾಗಬೇಕಾಯಿತು.

"ಅಲ್ಲೇ ಕೂತಿದ್ದೆಯಾ?"

"ಇನ್ನೆಲ್ಲಿ ಕೂರ್ಲಿ? ಇಪ್ಪತ್ತೆರಡು ವರ್ಷ."

"ಈ ಸದ್ದು ನಿಂದಾ?"

"ನಂದೂ, ಇನ್ನು ಹದಿನೇಳು ಜನರದ್ದೂ." ಅತ್ತೆ ಲೋಟವನ್ನು ಗೂಡಿನಲ್ಲಿಟ್ಟರು. "ನಿಮ್ಮ ದನಿ ಕೇಳಿಸೋದು ನನಗೆ."

ಫೋನಿನಲ್ಲಿ ಗಂಟೆ ಹೊಡೆಯಿತು. ಮೊದಲನೇ ಮಹಡಿಯವರು ಕರೆಯುತ್ತಿದ್ದರು. ಮತ್ತೊಂದು ಗಂಟೆ ಎರಡನೇ ಮಹಡಿಯಿಂದ. ಮಾವನವರ ಹೆಬ್ಬೆಟ್ಟು ಹಿಡಿಯ ಮೇಲೆ ಹೋಗಲಿಲ್ಲ.

"ಅಪ್ಪಾ, ಗಂಟೆ ಹೊಡೀತಿದೆ," ಎಂದಳು ಗುಬ್ಬಿ.

"ಹೊಡ್ಕೊಳ್ಳಲಿ," ಎಂದರು ಮಾವನವರು. ಬಾಗಿಲನ್ನು ತೆರೆದೇ ಇಟ್ಟುಕೊಂಡು, ಪಕ್ಕದಲ್ಲಿ ನಿಂತವರಿಗೂ ಕಾಣಲೆಂದು ಫೋನನ್ನು ಇನ್ನಷ್ಟು ಓರೆ ಮಾಡಿದರು. "ಅವರು ಇವತ್ತು ಮೆಟ್ಟಿಲು ಹತ್ತಿ ಬರ್ಲಿ."